ಕೂಗಬಾರದ ಜಾಗ

ಪಕ್ಕದ ಮನೆಯವರು ತಮ್ಮ ಗುಲಾಬಿ ಗಿಡಗಳಿಗೆಂದು ಮೊನ್ನೆ ಒಂದು ಟ್ರ್ಯಾಕ್ಟರ್ ಕೆರೆಗೋಡು ತರಿಸಿ ಕಾಂಪೌಂಡಿನ ಪಕ್ಕ ಸುರಿಸಿದರು. ಕೆರೆಯ ತಳದಿಂದ ತೋಡಿ ತಂದ ಕಪ್ಪು ಹೂಳು ಅದು. ಚಿತ್ರದುರ್ಗದಂಥ ಕಲ್ಲಿನ ಊರಿನಲ್ಲಿ ಗಿಡ ಬೆಳೆಸುವ ಆಸೆ ಇರುವವರಿಗೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಅಂದೇ ಅವರು ಅದಕ್ಕೆ ನೀರು ಹಿಡಿದಾಗ ವಾಸನೆ ಎದ್ದು ನಮ್ಮ ನಡುಮನೆಯವರೆಗೂ ಬಂತು. “ನೋಡ್ರಿ ಸಾರ್, ಈಗ ತಾನೇ ಮಳೆ ಬಂದು ಹೋದಂಗೈತೆ” ಎಂದು ಅವರು ಆಚೆಯಿಂದ ಖುಷಿಪಟ್ಟರು. ನಾನು ಹೌದು ಹೌದು ಎಂದು ನಕ್ಕು, ಒಳಗೆ ಬಂದು ಕಿಟಕಿ ಮುಚ್ಚಿದೆ.

ಒಂದು ಗುಡ್ಡೆ ಹೂಳಿಗೆ ಹೆದರುವ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ನಾನೇನೂ ಹುಟ್ಟು ಅಂಜುಬುರುಕನಲ್ಲ. ಪತ್ರಿಕೆಯೊಂದರ ಜಿಲ್ಲಾ ಕಚೇರಿಯಲ್ಲಿ ಕುಳಿತು ಅಪಘಾತ, ಕೊಲೆ, ಪ್ರವಾಹಗಳ ಸುದ್ದಿಗಳನ್ನು ಚಹಾ ಕುಡಿಯುತ್ತಲೇ ತಿದ್ದಿದವನು. ವಾಕ್ಯದಲ್ಲಿ ಗಾಬರಿ ಕಂಡರೆ ಹೊಡೆದುಹಾಕು, ಯಾರು, ಎಲ್ಲಿ, ಯಾವಾಗ ಎಂಬುದು ಖಚಿತವಾಗುವ ತನಕ ಮುಂದೆ ಕಳಿಸಬೇಡ ಎಂದು ಹೊಸಬರಿಗೆ ಹೇಳಿಕೊಟ್ಟವನು. ಆ ಶಿಸ್ತೆಲ್ಲ ಒಂದು ಚಳಿಗಾಲದ ಮುಂಜಾನೆ, ಇದೇ ವಾಸನೆಯ ನಡುವೆ, ಕೈಕೊಟ್ಟಿತು. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಸೋದರಮಾವನ ವಿಷಯ ಹೇಳಬೇಕು.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಹೊಳಲ್ಕೆರೆ, ಹೊಸದುರ್ಗದ ದಾರಿಗಳಲ್ಲಿ ಕೆಲವು ವರ್ಷ ಓಡಾಡಿ, ಆಮೇಲೆ ನಿವೃತ್ತಿಯವರೆಗೂ ಚಿತ್ರದುರ್ಗ–ಹಿರಿಯೂರು ಬಸ್ಸಿನಲ್ಲಿದ್ದರು. ಅವರ ಗಂಟಲು ಆ ದಾರಿಯಲ್ಲೆಲ್ಲ ಪ್ರಸಿದ್ಧ. ಬಸ್ ನಿಲ್ದಾಣದಲ್ಲಿ ನಿಂತು “ಐಮಂಗ್ಲ, ಆದಿವಾಲ, ಹಿರಿಯೂರ್, ಹಿರಿಯೂರ್!” ಎಂದು ಕೂಗಿದರೆ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದವರು ತಟ್ಟೆ ಬಿಟ್ಟು ಓಡಿಬರುತ್ತಿದ್ದರಂತೆ. ಅಂತೆ ಏನು, ನಾನೇ ನೋಡಿದ್ದೇನೆ. ಮನೆಯಲ್ಲೂ ಅದೇ ದನಿ. ಅವರು ಉಪ್ಪು ಕೇಳಿದರೆ ಬೀದಿಯ ಕೊನೆಯವರಿಗೂ ಸಾರಿಗೆ ಉಪ್ಪು ಕಡಿಮೆಯಾದದ್ದು ಗೊತ್ತಾಗುತ್ತಿತ್ತು. ನಮ್ಮ ಅತ್ತೆ, ಅಂದರೆ ಅವರ ಹೆಂಡತಿ, “ನಾನೇನು ಟಾಪ್ ಮ್ಯಾಲೆ ಕುಂತಿದೀನೇನ್ರಿ? ಇಲ್ಲೇ ಇದೀನಿ” ಎನ್ನುತ್ತಿದ್ದರು.

ಇಂಥ ಮನುಷ್ಯನಿಗೆ ಹಕ್ಕಿಗಳ ಹುಚ್ಚು ಹಿಡಿದದ್ದು ಬಸ್ಸಿನ ಕಿಟಕಿಯಿಂದ. ಐಮಂಗಲ ದಾಟಿ ಹಿರಿಯೂರಿನ ಕಡೆ ಹೋಗುವಾಗ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಒಂದು ಕೆರೆ ಇದೆ. ಹಿಂದೆ ಬಸ್ಸು ಆ ಕೆರೆ ಏರಿಯ ಪಕ್ಕದ ಹಳೆ ರಸ್ತೆಯಲ್ಲೇ ಹೋಗುತ್ತಿತ್ತು. ಚಳಿಗಾಲದ ಮೊದಲ ಟ್ರಿಪ್ಪಿನಲ್ಲಿ ನೀರಿನ ಅಂಚಿನ ತುಂಬ ಬೂದು ಬಣ್ಣದ ದೊಡ್ಡ ಬಾತುಗಳು ಕಾಣುತ್ತಿದ್ದವು. ತಲೆಯ ಮೇಲೆ ಕಪ್ಪು ಗೆರೆ ಎಳೆದಂತಿದ್ದ ಆ ಹಕ್ಕಿಗಳು ಏನು, ಎಲ್ಲಿಯವು ಎಂದು ಮಾವನಿಗೆ ಗೊತ್ತಿರಲಿಲ್ಲ. ಇಳಿದು ನೋಡೋಣವೆಂದರೆ ಬಸ್ಸಿನ ಟೈಮು. ಡ್ರೈವರ್‌ಗೆ ನಿಧಾನ ಎಂದು ಹೇಳಬಹುದಿತ್ತು, ನಿಲ್ಲಿಸು ಎನ್ನುವಂತಿರಲಿಲ್ಲ. ಸೇವೆಯ ಉದ್ದಕ್ಕೂ ಅವರು ಆ ಹಕ್ಕಿಗಳನ್ನು ಓಡುವ ಕಿಟಕಿಯಲ್ಲೇ ನೋಡಿದರು. ನಿವೃತ್ತರಾದ ಮೇಲೆ ಬಂದ ಮೊದಲ ಚಳಿಗಾಲ ಟಿಕೆಟ್ ತೆಗೆದುಕೊಂಡು ಅದೇ ಬಸ್ಸು ಹತ್ತಿ, ಕೆರೆಯ ಹತ್ತಿರ ಇಳಿದುಬಿಟ್ಟರು. ಸಂಜೆವರೆಗೂ ಮನೆಗೆ ಬರಲಿಲ್ಲ.

ಅಲ್ಲಿಂದ ಮುಂದೆ ನನಗೆ ಈ ಕೆಲಸ ಬಂತು. ನನ್ನ ಹತ್ತಿರ ಕಾರಿತ್ತು. ಪತ್ರಿಕೆಯ ಕೆಲಸ ಮಧ್ಯಾಹ್ನದ ಮೇಲೆ ಶುರುವಾಗುತ್ತಿದ್ದರಿಂದ ಬೆಳಿಗ್ಗೆಗಳು ಖಾಲಿಯಿದ್ದವು. “ಅಳಿಯ, ನಾಳೆ ಹೋಗಾಣೇನಪ್ಪ?” ಎಂದು ಮಾವ ಫೋನು ಮಾಡುವರು. ಹೋಗುತ್ತಿದ್ದೆವು. ಹೋಗುತ್ತ ಹೋಗುತ್ತ ನನಗೂ ಪಟ್ಟೆತಲೆ ಬಾತು, ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಬಿಳಿ ಹಕ್ಕಿ, ಹಣೆಗೆ ಬಿಳಿ ನಾಮ ಹಾಕಿಕೊಂಡ ನಾಮದ ಕೋಳಿ ಎಲ್ಲ ಗುರುತಾದವು. ಗುಳುಮುಳುಕ ಎಂಬ ಪುಟ್ಟ ಹಕ್ಕಿ ನೀರಲ್ಲಿ ಮುಳುಗಿದರೆ ಅದು ಏಳುವ ತನಕ ನಾನು ಉಸಿರು ಹಿಡಿದಿರುತ್ತಿದ್ದೆ. ಅದು ಎಲ್ಲೋ ಬೇರೆ ಕಡೆ ಎದ್ದು ನನ್ನನ್ನು ಲೆಕ್ಕಕ್ಕಿಲ್ಲದಂತೆ ನೋಡುತ್ತಿತ್ತು.

ಆ ಹೊತ್ತಿಗೆ ಕೆರೆಯನ್ನು ಪಕ್ಷಿಧಾಮ ಮಾಡಿದ್ದರು. ನೀವು ಹೋಗುವುದಾದರೆ ಅಲ್ಲಿನ ಸ್ಥಿತಿಗತಿ ಇದ್ದದ್ದು ಇದ್ದಂತೆ ಹೇಳಿಬಿಡುತ್ತೇನೆ. ಬಾಗಿಲಲ್ಲಿ ಹಕ್ಕಿಗಳ ಚಿತ್ರದ ದೊಡ್ಡ ಬೋರ್ಡಿದೆ. ಬಿಸಿಲಿಗೆ ಬಣ್ಣ ಹೋಗಿ ಎಲ್ಲ ಹಕ್ಕಿಗಳೂ ಒಂದೇ ಜಾತಿಯಾಗಿವೆ. ವೀಕ್ಷಣಾ ಗೋಪುರ ಇದೆ, ಮೇಲಿನ ಮೆಟ್ಟಿಲನ್ನು ನಂಬಬೇಡಿ. ಶೌಚಾಲಯ ಇದೆ, ಕೀಲಿ ಇಟ್ಟುಕೊಂಡವರು ಇರುವುದಿಲ್ಲ. ಕುಡಿಯುವ ನೀರು ಮನೆಯಿಂದಲೇ ಒಯ್ಯಬೇಕು, ಅದೂ ಒಂದು ಕೆರೆಯ ದಡಕ್ಕೆ. ಬಿಸಿಲು ಏರಿತೆಂದರೆ ನೀರಿನ ಮೇಲಿನ ಝಳದಲ್ಲಿ ಕೊಕ್ಕರೆಗೂ ಕಂಬಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಸೂರ್ಯ ಹುಟ್ಟುವ ಮೊದಲೇ ಅಲ್ಲಿರಬೇಕು. ಆಗ ಒಂದೊಂದು ದಿನ ಮಂಜು ಇರುತ್ತದೆ. ರಜೆಯ ದಿನ ಹೋಗದಿರುವುದು ಕ್ಷೇಮ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ಅವರ ಹಿಂದೆ ಬಣ್ಣದ ಹೊಗೆ ಬಿಡುವ ಹುಡುಗರು ಬಂದಿರುತ್ತಾರೆ.

ಇವೆಲ್ಲಕ್ಕಿಂತ ಮೇಲೆ ಮಾವನದೇ ಕಾನೂನುಗಳಿದ್ದವು. ಮಣ್ಣಿನ ಬಣ್ಣದ ಬಟ್ಟೆಯನ್ನೇ ಹಾಕಬೇಕು. ಫೋನಿನ ಬಾಯಿ ಮುಚ್ಚಿಸಬೇಕು. ಏರಿ ಇಳಿದ ಮೇಲೆ ಯಾರೂ, ಯಾವ ಕಾರಣಕ್ಕೂ ಕೂಗಬಾರದು. ಮಾತಾಡಲೇಬೇಕಿದ್ದರೆ ಪಿಸುಗುಡಬೇಕು. ಇಷ್ಟು ದೊಡ್ಡ ಗಂಟಲಿನವರು ಪಿಸುಗುಡುವುದನ್ನು ಕೇಳಿದರೆ ಜೋರು ಮಳೆ ಯಾರದೋ ಮಾತಿಗೆ ತಲೆಬಾಗಿ ಜಿನುಗುತ್ತಿರುವಂತೆ ಇರುತ್ತಿತ್ತು.

“ಇವು ಲಾಂಗ್ ರೂಟ್ ಪ್ಯಾಸೆಂಜರ್ ಕಣೋ ಅಳಿಯ. ಹಿಮಾಲಯದ ಆ ಕಡೆಯಿಂದ ಬಂದವೆ. ರಾತ್ರೆಲ್ಲ ಹೊಲದಾಗ ಮೇಯ್ದು ಈಗ ನಿದ್ದೆಗೆ ಬರ್ತವೆ. ಲಾಂಗ್ ರೂಟಿನೋರು ಮಲಗಿದ್ರೆ ಎಬ್ಬಿಸಬಾರ್ದು. ನಾನು ಯಾವತ್ತೂ ಎಬ್ಬಿಸ್ದೋನಲ್ಲ.”

ಒಮ್ಮೆ ಯಾರೋ ಸ್ಪೀಕರ್ ತಂದು ಹಾಡು ಹಾಕಿದ್ದರು. ಬಳ್ಳಾರಿ ಜಾಲಿಯ ಮೇಲೆ ಗೂಡು ಕಟ್ಟಿದ್ದ ಕೊಕ್ಕರೆಗಳು ಗಲಿಬಿಲಿಗೊಂಡು ಏಳತೊಡಗಿದವು. ಮಾವ ಕೆಂಪಗಾದರು, ಕುತ್ತಿಗೆಯ ನರ ಉಬ್ಬಿತು. ಈಗ ಬಸ್ ನಿಲ್ದಾಣದ ದನಿ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಅಷ್ಟು ದೂರ ನಡೆದುಹೋಗಿ, ಸ್ಪೀಕರ್‌ನವನ ಕಿವಿಯಲ್ಲಿ ಏನೋ ಹೇಳಿದರು. ಅವನು ಹೆದರಿ ಆರಿಸಿದ. ಏನು ಹೇಳಿದಿರಿ ಎಂದು ಕೇಳಿದೆ. “ಬೈದೆ. ಮೆಲ್ಲಕೆ ಬೈದೆ” ಎಂದರು.

ಈಗ ಆ ಮುಂಜಾನೆಗೆ ಬರುತ್ತೇನೆ. ಹಿಂದಿನ ಮಳೆಗಾಲದಲ್ಲಿ ಮಾವನ ಎದೆಗೆ ಸ್ಟೆಂಟ್ ಹಾಕಿದ್ದರು. ಚಳಿಗಾಲ ಬಂದಾಗ ಮಾವ ಮತ್ತೆ “ಹೋಗಾಣೇನಪ್ಪ” ಶುರುಮಾಡಿದರು. ಅತ್ತೆ ಬೇಡವೆಂದರು. ಮಾವ ಊಟ ಕಡಿಮೆ ಮಾಡಿದರು, ಮಾತು ಕಡಿಮೆ ಮಾಡಿದರು. ಮನೆಯಲ್ಲಿ ಆ ಗಂಟಲು ಕೇಳದೆ ಹೋದಾಗ ಅತ್ತೆಗೇ ಭಯವಾಗಿ ಒಪ್ಪಿದರು. ಹೊರಡುವಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆಗಳನ್ನು ನನ್ನ ಶರ್ಟಿನ ಜೇಬಿಗೆ ಹಾಕಿ, ಜೇಬನ್ನು ಮೇಲಿಂದ ತಟ್ಟಿದರು.

“ಅವರ ಕೈಗೆ ಕೊಟ್ರೆ ಎಲ್ಲೋ ಬಿಟ್ಟು ಬರ್ತಾರೆ, ನಿನ್ನತ್ರನೇ ಇರ್ಲಿ. ಅವರನ್ನೂ ನಿನ್ನ ಕೈಗೇ ಕೊಟ್ಟಿದೀನಿ ನೋಡಪ್ಪ.”

ನಾನು ಆಗಲಿ ಎಂದೆ.

ಏರಿ ತಲುಪಿದಾಗ ಬೆಳಕು ಹರಿಯುವುದರಲ್ಲಿತ್ತು, ಆದರೆ ಹರಿದ ಬೆಳಕೆಲ್ಲ ಮಂಜಿಗೆ ಹೋಗುತ್ತಿತ್ತು. ಕೆರೆ ಇದ್ದ ಕಡೆ ಬಿಳಿಯ ಗೋಡೆ. ಆ ಗೋಡೆಯ ಮೇಲ್ಗಡೆ, ಕಾಣದ ಎತ್ತರದಲ್ಲಿ, ಬಾತುಗಳು ಗ್ಯಾಂಗ್ ಗ್ಯಾಂಗ್ ಎಂದು ಮಾತಾಡಿಕೊಳ್ಳುತ್ತ ಹೊಲಗಳಿಂದ ವಾಪಸು ಬರುತ್ತಿದ್ದವು. ಮಾವನಿಗೆ ಕಾರಿನೊಳಗೆ ಕೂರಲಾಗಲಿಲ್ಲ. “ನೀನು ಗಾಡಿ ಸೈಡಿಗೆ ಹಾಕ್ಕೊಂಡು ಬಾ. ನಾನು ಬಂಡೆ ಹತ್ರ ಇರ್ತೀನಿ” ಎಂದು ಪಿಸುಗುಟ್ಟಿ ಇಳಿದರು. ಬಂಡೆ ಎಂದರೆ ಹಿಂದೆ ಬಟ್ಟೆ ಒಗೆಯುತ್ತಿದ್ದ ಚಪ್ಪಡಿ. ನಾವು ಯಾವಾಗಲೂ ಕೂರುತ್ತಿದ್ದ ಜಾಗ. ನಾನು ಕಾರು ತಿರುಗಿಸಿ, ಬೀಗ ಹಾಕಿ, ಫ್ಲಾಸ್ಕ್ ಮರೆತು, ಮತ್ತೆ ಬೀಗ ತೆಗೆದು, ಅದನ್ನು ಹಿಡಿದು ಇಳಿದೆ.

ಬಂಡೆಯ ಮೇಲೆ ಮಾವ ಇರಲಿಲ್ಲ.

ಮೂತ್ರಕ್ಕೆ ಹೋಗಿರಬೇಕು ಎಂದುಕೊಂಡು ಕಾದೆ. ಬರಲಿಲ್ಲ. ಫೋನು ಮಾಡಿದೆ. ಅತ್ತ ರಿಂಗ್ ಆಗುತ್ತಿತ್ತು. ಕೆರೆಯ ಮೇಲೆ ಎಲ್ಲೂ ಸದ್ದಿಲ್ಲ. ಇರುವುದಾದರೂ ಹೇಗೆ? ಫೋನಿನ ಬಾಯಿ ಮುಚ್ಚಿಸುವುದು ಅವರದೇ ಕಾನೂನು. ಆಮೇಲೆ ನಾನು ಮಾಡಿದ್ದನ್ನು ಯಾರಾದರೂ ನೋಡಿದ್ದರೆ ನನ್ನನ್ನು ಹುಚ್ಚನೆಂದುಕೊಳ್ಳುತ್ತಿದ್ದರು. ತಲೆ ನೆರೆತ ಗಂಡಸು ಒಬ್ಬ ಫ್ಲಾಸ್ಕ್ ಎದೆಗವಚಿಕೊಂಡು ಮಂಜಿನಲ್ಲಿ ಅತ್ತಿಂದಿತ್ತ ಓಡಾಡುತ್ತ “ಮಾವಾ… ಮಾವಾ…” ಎಂದು ಪಿಸುಗುಡುತ್ತಿದ್ದ. ಆ ಪಿಸುಮಾತು ನನ್ನ ಮೂಗಿನಾಚೆ ಹೋಗುತ್ತಿರಲಿಲ್ಲ.

ಬಂಡೆಯ ಕೆಳಗೆ ಅವರ ಕ್ಯಾನ್ವಾಸ್ ಶೂಗಳ ಗುರುತು ಸಿಕ್ಕಿತು. ಅದು ಜೊಂಡು ಹುಲ್ಲಿನ ಪಕ್ಕದಲ್ಲಿ ಹಾದು ಕೆರೆಯಂಗಳಕ್ಕೆ ಇಳಿದಿತ್ತು. ಆ ವರ್ಷ ಕೆರೆ ತುಂಬಿ, ಹೊಲಗಳಿಗೆ ತೂಬು ಎತ್ತಿದ ಮೇಲೆ ನೀರು ಬೇಗ ಹಿಂದೆ ಸರಿದಿತ್ತು. ಎಂದಿನ ನೀರಿನಂಚಿನಿಂದ ಆಚೆಗೆ ಹೊಸದಾಗಿ ಬಯಲಾದ ನೆಲ. ಮೇಲೆ ಬಿಸಿಲಿಗೆ ಒಣಗಿದ ಮಣ್ಣಿನ ಪದರ, ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತಿತ್ತು. ಅದರ ಮೇಲೆ ಹೆಜ್ಜೆಗಳು ಮಂಜಿನೊಳಕ್ಕೆ ಹೋಗಿದ್ದವು. ನಾನೂ ಹೋದೆ. ಸ್ವಲ್ಪ ದೂರದಲ್ಲಿ ಪದರ ಒಡೆದು ಕಾಲು ಒಳಗಿಳಿಯಿತು. ಒಳಗಿನದು ಮಣ್ಣಲ್ಲ, ತಣ್ಣನೆಯ ಬಾಯಿ. ಎಳೆದುಕೊಂಡಾಗ ಅದು ಬಿಡಲಾರದೆ ಬಿಟ್ಟಿತು. ಆಗ ಎದ್ದ ವಾಸನೆಯೇ ಮೊನ್ನೆ ನಮ್ಮ ನಡುಮನೆಗೆ ಬಂದದ್ದು.

ನಾನು ಹಿಂದೆ ಸರಿದು ನಿಂತೆ. ಮುಂದೆ ಹೆಜ್ಜೆಗಳು ಯಾವ ಕಡೆ ತಿರುಗಿದ್ದವೋ ಮಂಜಿನಲ್ಲಿ ಕಾಣಲಿಲ್ಲ. ತಲೆ ತನ್ನ ಪಾಡಿಗೆ ತನ್ನ ಹಳೆ ಕೆಲಸ ಶುರುಮಾಡಿತ್ತು. ‘ಕೆರೆಯಲ್ಲಿ ವೃದ್ಧ ನಾಪತ್ತೆ.’ ಒಂದು ಕಾಲಂ. ವೃದ್ಧ ಎಂದರೆ ಮಾವನಿಗೆ ಸಿಟ್ಟು ಬರುತ್ತದೆ. ‘ನಿವೃತ್ತ ನಿರ್ವಾಹಕ’ ಎನ್ನಬಹುದು, ಸಾಲು ಉದ್ದವಾಗುತ್ತದೆ. ‘ಜತೆಗಿದ್ದ ಸಂಬಂಧಿ ಪತ್ರಕರ್ತರಾಗಿದ್ದು’ ಎಂಬಲ್ಲಿಗೆ ಬಂದಾಗ ಜೇಬಿನಲ್ಲಿ ಫೋನು ಅದುರಿತು. ಮಾವ ಎಂದು ತೆಗೆದರೆ ಅತ್ತೆ.

“ತಲುಪಿದ್ರೇನಪ್ಪ?”

“ತಲುಪಿದ್ವಿ ಅತ್ತೆ.”

“ಅವ್ರಿಗೆ ಕೊಡು.”

“ಹಕ್ಕಿ ನೋಡ್ತಾ ಅವ್ರೆ ಅತ್ತೆ. ಮಾತಾಡಂಗಿಲ್ಲ.”

“ನೀನ್ಯಾಕೆ ಗುಸುಗುಸು ಅಂತೀಯ?”

“ಹಕ್ಕಿ ಅವೆ ಅತ್ತೆ.”

“ಸರಿ ಬಿಡು. ಮಫ್ಲರ್ ಸುತ್ಕಳಾಕೆ ಹೇಳು.”

ಖಚಿತವಾಗದ ಸುದ್ದಿಯನ್ನು ನಾನು ಹೀಗೆ ನೇರವಾಗಿ ಪ್ರಕಟಿಸಿದ್ದು ಅದೇ ಮೊದಲು. ಕೈಯನ್ನು ಜೇಬಿನ ಮೇಲೆ ಇಟ್ಟುಕೊಂಡೆ. ಮಾತ್ರೆಗಳು ಇದ್ದವು. ಅವು ಇಲ್ಲಿದ್ದವು, ಎದೆ ಅಲ್ಲೆಲ್ಲೋ ಇತ್ತು.

ಇಷ್ಟಾದರೂ ನಾನು ಕೂಗಲಿಲ್ಲ. ಯಾಕೆ ಎಂದು ನೀವು ಕೇಳುತ್ತೀರಿ. ಅಷ್ಟು ವರ್ಷ ಅಲ್ಲಿ ದನಿ ಎತ್ತದೆ ಎತ್ತದೆ, ಗಂಟಲಿಗೆ ಆ ಜಾಗದಲ್ಲಿ ಬೀಗ ಬಿದ್ದುಬಿಟ್ಟಿತ್ತು ಎಂಬುದು ಒಂದು. ಇನ್ನೊಂದಿದೆ. ನಾನು ಕೂಗದೆ ಇರುವವರೆಗೆ ಮಾವ ಸ್ವಲ್ಪ ಮುಂದೆ ಹೋಗಿದ್ದಾರೆ, ಅಷ್ಟೇ. ಕೂಗಿದೆನೆಂದರೆ, ಮಾವ ಕಳೆದುಹೋದರು.

ಏರಿಯ ಮೇಲೆ ಗಂಟೆಯ ಸದ್ದಾಯಿತು. ಕುರಿಗಳು ಒಂದರ ಹಿಂದೆ ಒಂದು ಮಂಜಿನಿಂದ ಹುಟ್ಟಿಬಂದವು. ಅವುಗಳ ಹಿಂದೆ ತಲೆಯ ಮೇಲೆ ಕಂಬಳಿ ಹೊದ್ದ ಹೆಂಗಸು. ಅವಳ ಹೆಸರು ಸಣ್ಣೀರಮ್ಮ ಎಂದು ನನಗೆ ತಿಳಿದದ್ದು ಆಮೇಲೆ. ನಾನು ಹಿಂದೆ ಮುಂದೆ ಸುಳಿದಾಡುವುದನ್ನು ನೋಡಿ ನಿಂತಳು.

“ಏನ್ ಸ್ವಾಮಿ, ಏನ್ ಕಳ್ಕಂಡ್ರಿ?”

“ನಮ್ಮ ಮಾವ… ಈ ಕಡೆ ಇಳಿದ್ರು. ಕಾಣ್ತಿಲ್ಲ” ಎಂದು ಪಿಸುಗುಟ್ಟಿದೆ.

“ಏನಂದ್ರಿ? ಕೇಳಂಗ್ ಹೇಳ್ರಿ.”

ಹತ್ತಿರ ಹೋಗಿ ಹೇಳಿದೆ.

“ಅಯ್ಯ, ಕೂಗ್ರಿ ಮತ್ತೆ!”

“ಹಕ್ಕಿ ಅವೆ…”

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಹಕ್ಕಿ ಅವೆ ಅಂತ ಮನುಷ್ಯನ್ನ ಬಿಟ್ಟು ನಿಂತ್ಕಂಡಿದೀರಾ? ಚೆನ್ನಾಗೈತೆ. ಯಾರು ನಿಮ್ಮ ಮಾವ? ಆ ದುರ್ಗದ ಹಕ್ಕಿ ಕಂಡಕ್ಟ್ರಾ?”

ನಾನು ತಲೆಯಾಡಿಸಿದೆ. ಅವಳು ತಲೆಯ ಮೇಲಿನ ಕಂಬಳಿ ಸರಿಸಿದಳು, ಎರಡೂ ಕೈಗಳನ್ನು ಬಾಯಿಯ ಬದಿಗೆ ತಂದಳು.

“ಕಂಡಕ್ಟ್ರೇ… ಏ ಕಂಡಕ್ಟ್ರೇ!”

ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕರೆಯುವವರ ಕೂಗು ಅದು. ಮಂಜಿನೊಳಗೆ ಕೆರೆಯೇ ಎದ್ದಿತು. ರೆಕ್ಕೆಗಳು ಆಲಿಕಲ್ಲಿನಂತೆ ಬಡಿದವು. ಬಾತುಗಳ ಗ್ಯಾಂಗ್ ಗ್ಯಾಂಗ್, ಟಿಟ್ಟಿಭಗಳ ಬೊಬ್ಬೆ, ಜೊಂಡಿನಿಂದ ಕೊಕ್ಕರೆಗಳು ದಬದಬನೆ ಹೊರಟ ಸದ್ದು. ಏನೊಂದೂ ಕಾಣುತ್ತಿರಲಿಲ್ಲ. ಎಲ್ಲವೂ ತಲೆಯ ಮೇಲೆ ಹಾದು ದೂರವಾಯಿತು. ಆಮೇಲೆ ಬಂದ ನಿಶ್ಶಬ್ದದಲ್ಲಿ ನಾನು ಕಿವಿಯಾಗಿ ನಿಂತೆ. ಏನೂ ಬರಲಿಲ್ಲ. ಆ ಏನೂ ಇಲ್ಲದ್ದು ಎಷ್ಟು ಹೊತ್ತಿತ್ತೋ ಹೇಳಲಾರೆ.

ಜೊಂಡಿನ ಬಲಕ್ಕೆ, ನಾನು ನೋಡದಿದ್ದ ದಿಕ್ಕಿನಿಂದ, ಚಿತ್ರದುರ್ಗದ ಬಸ್ ನಿಲ್ದಾಣ ಮಾತಾಡಿತು.

“ಯಾವೋಳವ್ವಾ ಅದು! ಬುದ್ಧಿ ಐತಾ ನಿನಗೆ? ಅಷ್ಟೂ ಹಕ್ಕಿ ಎಬ್ಬಿಸಿಬಿಟ್ಯಲ್ಲೇ!”

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಸಣ್ಣೀರಮ್ಮ ಸೊಂಟದ ಮೇಲೆ ಕೈಯಿಟ್ಟಳು.

“ಕೇಳಿದ್ರಾ? ಬಯ್ಯಾಕೆ ಉಸಿರೈತೆ. ಏಳ್ರಿ ಮ್ಯಾಕೆ.”

ಅವಳ ಗಂಡ ತಿಮ್ಮಣ್ಣ ಕುರಿಗಳಿಗೆ ಸೊಪ್ಪು ಕೆಡಹುವ ಉದ್ದನೆಯ ದೋಟಿ ಹಿಡಿದು ಹಿಂದಿನಿಂದ ಬರುತ್ತಿದ್ದ. ದನಿಯ ಜಾಡು ಹಿಡಿದು ಹೋದೆವು. ಮಾವ ತೊಡೆಯ ಮೇಲಿನವರೆಗೂ ಹೂಳಿನಲ್ಲಿ ಹೂತು, ಬೈನಾಕ್ಯುಲರ್ ಒದ್ದೆಯಾಗದಂತೆ ತಲೆಯ ಮೇಲೆ ಹಿಡಿದುಕೊಂಡು ನಿಂತಿದ್ದರು. ತುಟಿ ನೀಲಿಗಟ್ಟಿತ್ತು. ತಿಮ್ಮಣ್ಣ ದೋಟಿಯ ತುದಿಯ ಕುಡುಗೋಲು ಬಿಚ್ಚಿದ. ಗಂಡ ಹೆಂಡತಿ ಇಬ್ಬರ ಕಂಬಳಿಗಳನ್ನೂ ಹೂಳಿನ ಮೇಲೆ ಹಾಸಿದರು. ಹಗುರ ಇದ್ದವನು ನಾನು. ಕಂಬಳಿಯ ಮೇಲೆ ಹೊಟ್ಟೆ ಎಳೆದುಕೊಂಡು ಹೋದೆ.

“ಎದೆ ಹೆಂಗೈತೆ ಮಾವ?”

“ಎದೆಗೇನಾಗೈತೆ? ಕಾಲು ಹೋಗೈತೆ.” ಆಮೇಲೆ, ಹಿಂದೆ ನಿಂತವರಿಗೆ ಕೇಳದಂತೆ, “ಸ್ವಲ್ಪ ಬಿಗಿದಂಗೈತೆ ಕಣೋ” ಎಂದರು.

ಮಾತ್ರೆಯನ್ನು ಅವರ ನಾಲಿಗೆಯ ಕೆಳಗೆ ಇಟ್ಟೆ. ನನ್ನ ಬೆರಳು ಅವರ ಹಲ್ಲಿಗೆ ತಗಲಿತು. ಹಲ್ಲು ಕಟಕಟ ಎನ್ನುತ್ತಿತ್ತು.

“ಅಲ್ಲಾಡಬ್ಯಾಡ್ರಿ ಕಂಡಕ್ಟ್ರೆ. ಹಿಂದಕ್ಕೆ ಒರಗ್ರಿ, ಹಾಸಿಗೆ ಮ್ಯಾಲೆ ಒರಗಿದಂಗೆ” ಎಂದ ತಿಮ್ಮಣ್ಣ. ದೋಟಿಯನ್ನು ಅವರ ಕಂಕುಳಡಿಗೆ ಕೊಟ್ಟೆವು. ಎಳೆದೆವು. ಬರಲಿಲ್ಲ. ಇನ್ನೊಮ್ಮೆ ಎಳೆದೆವು. ಎಲ್ಲರೂ ಒಟ್ಟಿಗೆ ಎಳೆಯುತ್ತಿರಲಿಲ್ಲ. ಮಾವನಿಗೆ ಆ ಸ್ಥಿತಿಯಲ್ಲೂ ಅದನ್ನು ನೋಡಲಾಗಲಿಲ್ಲ. ಮಾತ್ರೆ ಇದ್ದ ಬಾಯಿಂದಲೇ “ಹೋಲ್ಡಾನ್” ಎಂದರು. ನಿಂತೆವು. “ಈಗ… ರೈಟ್!” ಎಂದರು. ಮೂವರೂ ಒಂದೇ ಸಲ ಎಳೆದೆವು. ಹೂಳು ಒಂದು ಶೂವನ್ನು ಇಟ್ಟುಕೊಂಡು ಮಾವನನ್ನು ಬಿಟ್ಟಿತು.

ಏರಿಯ ಮೇಲೆ ಕಂಬಳಿ ಸುತ್ತಿ ಕೂರಿಸಿ, ಫ್ಲಾಸ್ಕಿನ ಚಹಾ ಕೊಟ್ಟೆ. ಆಸ್ಪತ್ರೆಗೆ ಹೊರಡುವ ಮೊದಲು ಅವರಿಗೆ ಸ್ವಲ್ಪ ಉಸಿರು ಕೂಡಲಿ ಎಂದು ಕಾಯುತ್ತಿದ್ದಾಗ ಕೇಳಿದೆ: “ಯಾಕೆ ಮಾವ ಕೂಗ್ಲಿಲ್ಲ?”

“ಮೊದ್ಲು ನಾನೇ ಬರಾಣ ಅಂತ ಒದ್ದಾಡ್ದೆ. ಇನ್ನೂ ಇಳೀತು. ಸುಮ್ನೆ ನಿಂತೆ. ನಿಂತು ನೋಡ್ತೀನಿ, ಬಾತು ಬಂದು ಇಳೀತಾ ಅವೆ, ಸುತ್ತ. ನನ್ನ ಏನ್ ಮರದ ಬೊಡ್ಡೆ ಅಂದ್ಕಂಡ್ವೋ ಏನೋ. ಒಂದಂತೂ ಇಲ್ಲಿ, ಈಗ ನೀನು ಕುಂತಿದೀಯಲ್ಲ, ಇಷ್ಟು ಹತ್ರ ಬಂದು ರೆಕ್ಕೆ ಒಳಕ್ಕೆ ತಲೆ ಇಟ್ಕಂಡು ಮಲಗ್ತು ಕಣೋ. ಹೆಂಗ್ ಕೂಗ್ಲಿ?”

“ಏನಾದ್ರೂ ಆಗಿದ್ರೆ?”

“ಅದನ್ನೂ ಯೋಚ್ನೆ ಮಾಡ್ದೆ” ಎಂದು ಚಹಾ ಕುಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೀನ್ಯಾಕೆ ಕೂಗ್ಲಿಲ್ಲ?”

“ಹಕ್ಕಿ ಇದ್ವಲ್ಲ ಮಾವ.”

ಅವರ ಮುಖದಲ್ಲಿ ಮೊದಲು ಸಮಾಧಾನ ಕಂಡಿತು, ಶಿಷ್ಯನ ಉತ್ತರ ಸರಿ ಬಂದಾಗ ಮೇಷ್ಟ್ರಿಗೆ ಆಗುವಂಥದ್ದು. ಅದು ಹಾಗೇ ಉಳಿಯಲಿಲ್ಲ. ಲೋಟ ಕೆಳಗಿಟ್ಟು, ಕಂಬಳಿಯ ಒಳಗಿನಿಂದ ಕೈ ತೆಗೆದು, ನನ್ನ ಮೊಣಕಾಲನ್ನು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಹಿರಿಯೂರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಎದೆಗೆ ಅಪಾಯವಾಗಿಲ್ಲ, ಆದರೂ ರಾತ್ರಿ ಇರಲಿ ಎಂದರು. ಅತ್ತೆ ಬಸ್ಸಿನಲ್ಲಿ ಬಂದಿಳಿದರು. ಹಾಸಿಗೆಯ ಮೇಲೆ ಮಾವ, ಸ್ಟೂಲಿನ ಮೇಲೆ ನಾನು, ಇಬ್ಬರೂ ಕೆಸರು ಒಣಗಿ ಬಿರುಕುಬಿಟ್ಟ ಪ್ಯಾಂಟುಗಳಲ್ಲಿ. ಅತ್ತೆ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು.

“ಅಂದ್ರೆ, ಇವರು ಅಲ್ಲಿ ಸಾಯಾಕೆ ರೆಡಿಯಾಗಿ ಸುಮ್ಕಿದ್ರು. ನೀನು ಇಲ್ಲಿ ಕಳ್ಕಳಾಕೆ ರೆಡಿಯಾಗಿ ಸುಮ್ಕಿದ್ದೆ. ಅವು ಮಾತ್ರ ಹಾಯಾಗಿ ನಿದ್ದೆ ಮಾಡ್ತಿದ್ವು.” ಸೆರಗಿನಿಂದ ಮೂಗು ಒರೆಸಿಕೊಂಡರು. “ಆ ಕುರಿಯಮ್ಮಂಗೆ ಒಂದು ಸೀರೆ ಕೊಡಬೇಕು. ಅವಳಿಗೊಬ್ಬಳಿಗೆ ಬಾಯೈತೆ.”

ಸೀರೆ ಕೊಡಲು ಅತ್ತೆಯೇ ನಮ್ಮ ಜತೆ ಬಂದರು. ಸಣ್ಣೀರಮ್ಮ ಅದನ್ನು ತೆಗೆದುಕೊಂಡು, ಬಣ್ಣ ನೋಡಿ, “ಇದನ್ನ ಉಟ್ಕಂಡ್ರೆ ಹಕ್ಕಿ ಹೆದರ್ತವೆ ಅಂತ ನಿಮ್ಮ ಯಜಮಾನ್ರು ಬೈಯ್ಯಲ್ಲ ತಾನೇ?” ಎಂದಳು. ಮಾವ ಏರಿಯ ಕಡೆ ಮುಖ ತಿರುಗಿಸಿಕೊಂಡರು.

ಆಮೇಲಿನ ಚಳಿಗಾಲಗಳಲ್ಲಿ ಮಾವ ಏರಿಯಿಂದ ಇಳಿಯುವಂತಿಲ್ಲ. ಅದು ಅತ್ತೆಯ ಕಾನೂನು. ಕಾರಿನ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇರುತ್ತದೆ. ಅದನ್ನು ಏರಿಯ ಮೇಲೆ ಹಾಕಿ, ಮಫ್ಲರ್ ಸುತ್ತಿ ಕೂರಿಸುತ್ತೇನೆ. ಮಾತ್ರೆ ಈಗ ಅವರ ಜೇಬಿನಲ್ಲೇ ಇರುತ್ತದೆ. ಕುರಿಗಳು ತುಳಿದ ದಾರಿಯಲ್ಲಿ ನಾನೊಬ್ಬನೇ ಇಳಿದುಹೋಗಿ, ಕಂಡದ್ದನ್ನು ಬಂದು ವರದಿ ಮಾಡುತ್ತೇನೆ. ಅವರು ಅಡ್ಡ ಪ್ರಶ್ನೆ ಹಾಕುತ್ತಾರೆ. ನಾನು ಖಚಿತವಿಲ್ಲದ್ದನ್ನು ಖಚಿತವಿಲ್ಲ ಎನ್ನುತ್ತೇನೆ.

ಕೂಗುವುದನ್ನು ಶುರುಮಾಡಿದ್ದು ಅವರೇ. ಮಂಜಿದ್ದ ಒಂದು ಬೆಳಿಗ್ಗೆ ನಾನು ಇನ್ನೂ ಬಂಡೆಯ ಹತ್ತಿರವಿರುವಾಗಲೇ ಏರಿಯಿಂದ “ಅಳಿಯಾ!” ಎಂಬ ದನಿ ಇಳಿದುಬಂತು. ನೀರಿನಂಚಿನ ಹಕ್ಕಿಗಳು ಎದ್ದವು. ನಾನು ಓಡಿ ಏರಿ ಹತ್ತಿದೆ. ಮಾವ ಆರಾಮವಾಗಿ ಕುಳಿತಿದ್ದರು. “ಏನಿಲ್ಲಪ್ಪ, ಕಾಣ್ಲಿಲ್ಲ, ಅದಕ್ಕೆ” ಎಂದರು. ಅದಾದ ಮೇಲೆ ನನ್ನ ತಲೆ ಮಂಜಿಗೆ ಮರೆಯಾದಾಗಲೆಲ್ಲ ಕೂಗುತ್ತಾರೆ. ನಾನು “ಇದೀನಿ ಮಾವಾ!” ಎನ್ನುತ್ತೇನೆ. ಕಳೆದ ತಿಂಗಳು ಪಕ್ಕದಲ್ಲಿ ದೊಡ್ಡ ಲೆನ್ಸಿನ ಕ್ಯಾಮೆರಾ ಹಿಡಿದು ಮಲಗಿದ್ದ ಯುವಕನೊಬ್ಬ ತಲೆ ಎತ್ತಿ, “ಸಾರ್, ಇಲ್ಲಿ ಕೂಗಬಾರ್ದು, ಗೊತ್ತಿಲ್ವಾ?” ಎಂದ. ಅವನು ಹೇಳಿದ್ದು ನ್ಯಾಯವೇ. ಕ್ಷಮೆ ಕೇಳಿದೆ. 

ಬಾತುಗಳು ಈಗ ನಮ್ಮ ಏರಿಯಿಂದ ದೂರ, ಆಚೆ ದಡಕ್ಕೆ ಹೋಗಿ ಮಲಗುತ್ತವೆ. ಅದಕ್ಕೆ ನಮ್ಮ ಕೂಗು ಕಾರಣವೋ, ನೀರು ಸರಿದದ್ದೋ, ಬಣ್ಣದ ಹೊಗೆಯ ಹುಡುಗರೋ, ನಾನು ಖಚಿತವಾಗಿ ಹೇಳಲಾರೆ.

ಇವತ್ತು ಬೆಳಿಗ್ಗೆಯೂ ಹೋಗಿದ್ದೆವು. ದಟ್ಟ ಮಂಜು. ಒಂದು ಗುಂಪು ಬಾತು ಯಾಕೋ ಹಳೆ ಜಾಗಕ್ಕೇ ಬಂದು, ನನ್ನಿಂದ ಅಷ್ಟೇನೂ ದೂರವಿಲ್ಲದಲ್ಲಿ ಇಳಿದು, ಒಂದೊಂದಾಗಿ ತಲೆಯನ್ನು ರೆಕ್ಕೆಯೊಳಗೆ ಹುದುಗಿಸತೊಡಗಿದವು. ಬೆನ್ನಿನ ಬೂದು ಗರಿಗಳ ಅಂಚಿನ ಬಿಳಿಯೂ ಕಾಣುತ್ತಿತ್ತು. ಬೈನಾಕ್ಯುಲರ್ ಎತ್ತಿದೆ. ಹೊತ್ತಾದ ಮೇಲೆ, ಏರಿಯಿಂದ ಇನ್ನೂ ಕೂಗು ಬಂದಿಲ್ಲ ಎಂಬುದು ಗಮನಕ್ಕೆ ಬಂತು. ಬೈನಾಕ್ಯುಲರ್ ಇಳಿಸಿದೆ. ಕಾದೆ. ಈಗ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಹಕ್ಕಿಗಳಿಗೆ ಬೆನ್ನು ಮಾಡಿ ಏರಿಯ ಕಡೆ ನೋಡಿದೆ. ಬಿಳಿಯ ಗೋಡೆ.

“ಮಾವಾ!”

ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಬೆನ್ನ ಹಿಂದೆ ಇಡೀ ದಂಡೆ ಎದ್ದುಹೋಯಿತು. ರೆಕ್ಕೆಯ ಗಾಳಿ ಕುತ್ತಿಗೆಗೆ ಬಡಿಯಿತು. ನಾನು ತಿರುಗಿ ನೋಡಲಿಲ್ಲ.

“ಬದುಕಿದೀನಿ ಕಣೋ” ಎಂದಿತು ಏರಿ. “ತೂಕಡಿಕೆ ಬಂದಿತ್ತು. ನೋಡ್ಕ ನಿನ್ನ ಹಕ್ಕಿನ.”

ನೋಡುವುದಕ್ಕೆ ಅಲ್ಲಿ ಒಂದೂ ಉಳಿದಿರಲಿಲ್ಲ. ನಾನು ಏರಿಯ ಕಡೆಗೇ ಮುಖ ಮಾಡಿ, ಕುರ್ಚಿ ಕಾಣುವಷ್ಟು ಮಂಜು ತಿಳಿಯಾಗುವ ತನಕ ನಿಂತಿದ್ದೆ.